ಪಡಸಾಲೆಯಲ್ಲಿ ಹೊರಸಿಗೆ ಸ್ಥಳವಿಲ್ಲವೆ?

ಮನೆಯೊಳಗಿನ ಮರಮುಟ್ಟುಗಳ ವಿಷಯವನ್ನು ಸಾಹಿತ್ಯಪತ್ರಿಕೆಯೊಂದರಲ್ಲಿ ಎತ್ತಿಕೊಳ್ಳುವದು ಕೆಲವರಿಗೆ ಅಲ್ಪವಾಗಿ ತೋರಬಹುದು. ಕುರ್ಚಿ ಎಲ್ಲಿರಬೇಕು, ಮಂಚ ಎಲ್ಲಿರಬೇಕು ಎಂಬದನ್ನು ಮನೆಯವರು ನೋಡಿಕೊಳ್ಳುವರು. ವಿದ್ಯಾವಂತರಿಗೆ ಅದರ ಗೊಡವೆ ಏತಕ್ಕೆಂದು ಕೇಳುವವರೂ ಇರುವರು. ಆದರೆ ಒಂದು ಮನೆಯಲ್ಲಿ ಯಾರನ್ನು ಎಲ್ಲಿ ಕೂಡಿಸುವರೆಂಬದರ ಮೇಲಿಂದ ಆ ಮನೆಯಲ್ಲಿ ಯಾರಿಗೆ ಎಷ್ಟು ಮರ್ಯಾದೆಯುಂಟೆಂಬದು ತಿಳಿಯುವದು. ಯಾವ ವಸ್ತುವನ್ನು ಮುಂದಿಟ್ಟು ಯಾವದನ್ನು ಹಿತ್ತಲಿಗೆ ಹಾಕುವರೆಂಬದರ ಮೇಲಿಂದ ಆ ಮನೆತನವು ತನ್ನನ್ನು ತಾನು ಏನೆಂದು ಬಗೆದಿರುವದೆಂಬದೂ ತಿಳಿಯುವದು. ಹೀಗಿದ್ದ ಮೇಲೆ ಈ ವಿಚಾರವು ಅಲ್ಪದ್ದೆಂದು ನಾವು ಒಪ್ಪಲಾರೆವು.

ಇತ್ತಿತ್ತಲಾಗಿ ನಮ್ಮ ಯಾದಗಿರಿ ಸೀಮೆಯಲ್ಲಿ ನಡೆದಿರುವದೇನು? ಬಳಿಚಕ್ರ, ಸೈದಾಪುರಗಳ ಕಡೆಯಾಗಲಿ, ಶಹಾಪುರ ಸುರಪುರಗಳ ಕಡೆಯಾಗಲಿ ಹಳೆಯ ಮನೆಗಳ ರೂಪವು ಸಾಮಾನ್ಯವಾಗಿ ಒಂದೇ ಬಗೆಯದು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಕೆಳಗೆ ಶಹಾಬಾದಿ ಪರಸಿ, ಗೋಡೆಯಲ್ಲಿ ಮಾಡ, ಮೇಲೆ ನಾಗಂದಿಗೆ. ಪಡಸಾಲೆಯಲ್ಲಿ ಪುಂಡಿನಾರಿನ ಹಗ್ಗದಿಂದ ಹೆಣೆದ ಹೊರಸು, ಗೋಡೆಗೆ ಹತ್ತಿ ಒಂದು ಸಂದೂಕ, ಬಂದವರಿಗೆ ಹಾಸಲು ಜಮಖಾನ, ಒರಗಲು ಲೋಡು, ತೊಲೆಗೆ ತೊಟ್ಟಿಲಿನ ಕೊಂಡಿ. ಅಣ್ಣತಮ್ಮಂದಿರ ಪಾಲು ಆಗುವದೇ ತಡ, ಈ ಮನೆಯು ನೆಲಕ್ಕಿಳಿಯುವದು. ಅದರ ಸ್ಥಳದಲ್ಲಿ ಸಿಮೆಂಟಿನ ಮನೆ ಏಳುವದು. ಪಡಸಾಲೆಯು 'ಹಾಲ್' ಆಗುವದು. ಹಾಲಿಗೊಂದು ಸೋಫಾ ಬರುವದು. ಹೊರಸು ಮೊದಲು ಹಿತ್ತಲಿಗೆ, ಅಲ್ಲಿಂದ ದನದ ಕೊಟ್ಟಿಗೆಗೆ, ಕೊನೆಗೆ ಬಚ್ಚಲ ಒಲೆಗೆ ಹೋಗುವದು. ಹೊರಸಿನ ಹಿಂದೆಯೇ, ಅದರ ಮೇಲೆ ಕೂತು ಬಂದಹೋದವರನ್ನೆಲ್ಲ ಮಾತಾಡಿಸುತ್ತಿದ್ದ ಮನೆಯ ಹಿರಿಯಳೂ ಒಳಕೋಣೆಯ ಮೂಲೆಗೆ ಸರಿಯುವಳು. ಆಕೆಯನ್ನು ಯಾರೂ ಹೊರದೂಡಲಿಲ್ಲ. ಆದರೆ ಆಕೆಗೆ ಕೂಡಲು ಬರುವಂಥ ಒಂದು ಆಸನವೂ ಆ ಹಾಲಿನಲ್ಲಿ ಉಳಿಯಲಿಲ್ಲ. ಇದಕ್ಕಿಂತ ನಯವಾದ ಬಹಿಷ್ಕಾರವು ಬೇರೊಂದಿರಲಾರದು.

ಈ ವಿಷಯದಲ್ಲಿ ಮೂರು ಪಕ್ಷಗಳು ನಮ್ಮ ಕಣ್ಣಿಗೆ ಬೀಳುವವು. ಎಲ್ಲವೂ ಹೊಸದಾಗಿರಬೇಕೆನ್ನುವವರು ಮೊದಲಿನವರು. ಎಲ್ಲವೂ ಹಳೆಯದಾಗಿಯೇ ಇರಬೇಕೆನ್ನುವವರು ಎರಡನೆಯವರು. ಹಳತನ್ನು ಅಲಂಕಾರಕ್ಕೆಂದು ಕೊಂಡು ತಂದು ಹೊಸದರ ನಡುವೆ ಮೆರೆಯಿಸುವವರು ಮೂರನೆಯವರು. ಮೂವರೂ ತಪ್ಪಿರುವರೆಂಬದೇ ನಮ್ಮ ಪ್ರತಿಪಾದನೆ. ಹಳತು ಹೊಸತುಗಳು ಒಂದೇ ಸೂರಿನ ಕೆಳಗೆ ಕೂಡಿ ಬಾಳುವದು ಸಾಧ್ಯವಷ್ಟೇ ಅಲ್ಲ, ಅವಶ್ಯವೂ ಹೌದು. ಆದರೆ ಆ ಕೂಟವು ಉಪಯೋಗದ ಕೂಟವಾಗಿರಬೇಕು, ಪ್ರದರ್ಶನದ ಕೂಟವಾಗಬಾರದು.

ಮೊದಲಿನ ಪಕ್ಷದವರ ಮಾತನ್ನು ತೆಗೆದುಕೊಳ್ಳೋಣ. ಹೊರಸಿನಲ್ಲಿ ತಿಗಣೆ ಸೇರುವವು, ಹಗ್ಗ ಜೋಲುವದು, ನೋಡಿದವರು ಹಳ್ಳಿಗರೆನ್ನುವರು; ಮಗಳನ್ನು ನೋಡಲು ಬಂದವರು ಹೊರಸನ್ನು ಕಂಡರೆ ಮನೆಯ ಸ್ಥಿತಿಗತಿಯ ಬಗ್ಗೆ ಏನು ತಿಳಿದಾರು? ಇವು ಅವರ ಆಕ್ಷೇಪಣೆಗಳು. ತಿಗಣೆಯ ಮಾತು ನಿಜವೇ. ಆದರೆ ಅದಕ್ಕೆ ನಮ್ಮ ಹಿರಿಯರು ಬಿಸಿಲನ್ನೂ ಕುದಿನೀರನ್ನೂ ಉಪಾಯವಾಗಿ ಇಟ್ಟುಕೊಂಡಿದ್ದರು. ಹೊರಸನ್ನು ಇಬ್ಬರು ಎತ್ತಿ ಅಂಗಳಕ್ಕೆ ತಂದು ಬಿಸಿಲಿಗೆ ನಿಲ್ಲಿಸಬಹುದು. ಮೂರು ಜನ ಕೂಡುವ ಸೋಫಾವನ್ನು ಯಾರು ಅಂಗಳಕ್ಕೆ ತರುವರು? ಅದರ ಹೊಟ್ಟೆಯಲ್ಲಿ ಏನು ಸೇರಿಕೊಂಡಿರುವದೆಂಬದನ್ನು ಯಾರು ಬಿಚ್ಚಿ ನೋಡುವರು? ಹಗ್ಗ ಜೋತರೆ ಜಗ್ಗಿ ಬಿಗಿಮಾಡಬಹುದು. ಹರಿದರೆ ಹೊಸದಾಗಿ ಹೆಣೆಯಬಹುದು. ನಾರಿನ ಬದಲು ನವಾರು ಹಾಕಬಹುದು. ಸೋಫಾದ ಹೊಟ್ಟೆ ಕುಸಿದರೆ ಅದನ್ನು ಬೀದಿಗೆಸೆಯುವದೇ ನಮ್ಮಲ್ಲಿ ರೂಢಿ.

ಇನ್ನು ಹವೆಯ ವಿಚಾರ. ಬೇಸಿಗೆಯಲ್ಲಿ ನಮ್ಮ ಸೀಮೆಯ ಸೆಕೆಯು 40 ಡಿಗ್ರಿಯನ್ನು ದಾಟುವದು ಯಾರಿಗೂ ತಿಳಿಯದ ಸಂಗತಿಯಲ್ಲ. ಇಂಥ ದಿನಗಳಲ್ಲಿ ಕೃತಕ ಚರ್ಮದ ಹೊದಿಕೆಯ ಮೇಲೆ ಕೂತವನ ಬೆನ್ನಿಗೆ ಬಟ್ಟೆ ಅಂಟಿಕೊಳ್ಳುವದು. ಕೆಳಗಿನಿಂದಲೂ ಗಾಳಿಯಾಡುವ ಹೊರಸು, ತಂಪಾದ ಪರಸಿ, ಬೆತ್ತದ ಕುರ್ಚಿ ಇವುಗಳನ್ನು ಈ ನೆಲದ ಬಿಸಿಲೇ ಕಲಿಸಿಕೊಟ್ಟಿತು. ಚಳಿನಾಡಿನವರು ಮೈ ಬೆಚ್ಚಗಿರಲೆಂದು ಕಂಡುಹಿಡಿದ ಮೆತ್ತೆಯನ್ನು ನಾವು ವೈಶಾಖದ ಉರಿಯಲ್ಲಿ ಪ್ರತಿಷ್ಠೆಗಾಗಿ ಹೊತ್ತುಕೊಂಡಿರುವೆವು. ಅದರ ತಾಪವನ್ನಾರಿಸಲು ಮತ್ತೊಂದು ಯಂತ್ರವನ್ನು ಕೊಂಡು ತರುವೆವು.

ಹೊಸ ಸಾಮಾನುಗಳಲ್ಲಿ ಬಹುಭಾಗವು ಯಾವದರಿಂದ ಆಗಿರುವದೆಂಬದನ್ನಾದರೂ ವಾಚಕರು ವಿಚಾರಿಸಿರುವರೆ? ಮರದ ಚೂರುಗಳನ್ನೂ ಹುಡಿಯನ್ನೂ ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ, ಮೇಲೆ ತೇಗದ ಚಿತ್ರವಿರುವ ಕಾಗದವನ್ನು ಹಚ್ಚಿದ ಹಲಗೆಯದು. ನೀರು ತಗುಲಿದರೆ ಅದು ಉಬ್ಬುವದು. ಒಮ್ಮೆ ಸಡಿಲಾದ ತಿರುಪುಮೊಳೆಯು ಅದರಲ್ಲಿ ಮತ್ತೆ ಭದ್ರವಾಗಿ ಕಚ್ಚುವದಿಲ್ಲ. ಇಂಥ ಹಲಗೆಗಳ ಅಂಟಿನಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಫಾರ್ಮಾಲ್ಡಿಹೈಡ್ ಎಂಬ ದ್ರವ್ಯವು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಮಂಡಲವು 2004ರಲ್ಲಿ ನಿರ್ಣಯಿಸಿತು. ಒಂದು ಕಪಾಟು ತಂದ ಮಾತ್ರಕ್ಕೆ ರೋಗ ಬರುವದೆಂದು ನಾವು ಹೆದರಿಸುವದಿಲ್ಲ. ಅಂಟಿನ ಗುಣಮಟ್ಟವನ್ನೂ ಕೋಣೆಯ ಗಾಳಿಯನ್ನೂ ಅವಲಂಬಿಸಿ ಅದರ ಪ್ರಮಾಣವು ಹೆಚ್ಚು ಕಡಿಮೆಯಾಗುವದು. ನಾವು ಕೇಳುವದಿಷ್ಟೆ: ಮೂರು ತಲೆಮಾರು ಬಾಳಿದ ತೇಗದ ಸಂದೂಕವನ್ನು ಮೂರು ಕಾಸಿಗೆ ಕೊಟ್ಟು, ತೇಗದ ಚಿತ್ರ ಹಚ್ಚಿದ ಹುಡಿಯ ಪೆಟ್ಟಿಗೆಯನ್ನು ಸಾಲಮಾಡಿ ತರುವದು ಯಾವ ನಾಗರಿಕತೆಯ ಲಕ್ಷಣ?

ಈ ಮಾತಿಗೆ ಎರಡನೆಯ ಪಕ್ಷದವರು ತಲೆದೂಗುವರು. ಅವರ ಮತದಲ್ಲಿ ಕುರ್ಚಿ ಮೇಜುಗಳು ಪರಕೀಯವಾದವು. ಶುದ್ಧವಾದ ಮನೆಯಲ್ಲಿ ಹೊರಸು, ಮಣೆ, ಜಮಖಾನಗಳ ಹೊರತು ಬೇರೇನೂ ಇರತಕ್ಕದ್ದಲ್ಲ. ಇವರಿಗೆ ನಮ್ಮ ನಾಲಿಗೆಯೇ ಉತ್ತರ ಕೊಡುವದು. ಕುರ್ಚಿಯೆಂಬ ಶಬ್ದದ ಮೂಲವು ಅರಬ್ಬಿಯಲ್ಲಿದೆ, ಮೇಜು ಪಾರಸಿಯದು, ಅಲಮಾರಿಯು ಪೋರ್ತುಗೀಜರಿಂದ ಬಂದದ್ದು, ಸಂದೂಕವು ಅರಬ್ಬಿಯದು. ಅವರು ಶುದ್ಧವೆಂದು ಬಗೆದ ಜಮಖಾನವೂ ಪಾರಸಿ ಹೆಸರನ್ನೇ ಹೊತ್ತಿರುವದು. ಅವರು ಆಂಗ್ಲರದೆಂದು ದ್ವೇಷಿಸುವ ಸೋಫಾ ಎಂಬ ಶಬ್ದವೂ ಮೂಲದಲ್ಲಿ ಅರಬ್ಬಿಯದೇ. ಮಂಚವು ಸಂಸ್ಕೃತದ್ದು. ಬೇರೆ ಬೇರೆ ದೇಶಗಳಿಂದ ಬಂದ ಈ ಶಬ್ದಗಳನ್ನೆಲ್ಲ ಕನ್ನಡವು ತನ್ನವೆಂದು ಒಳಗೆ ಕರೆದು ಕೂಡಿಸಿತು. ಯಾವ ಶಬ್ದಕ್ಕೂ ಬಾಗಿಲಲ್ಲಿ ನಿಲ್ಲೆನ್ನಲಿಲ್ಲ. ನಮ್ಮ ಪಡಸಾಲೆಯು ನಮ್ಮ ನುಡಿಗಿಂತ ಸಂಕುಚಿತವಾಗಬೇಕೆ?

ಸುರಪುರದ ಗುಡ್ಡದ ಮೇಲಿರುವ ಮನೆಯನ್ನು ನೋಡಿರಿ. ಮೆಡೋಸ್ ಟೇಲರನು 1841ರಿಂದ 1853ರ ವರೆಗೆ ಆ ಸಂಸ್ಥಾನದಲ್ಲಿದ್ದನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಅದೇ ರಾಜನು 1858ರಲ್ಲಿ ಆಂಗ್ಲರ ಮೇಲೆ ಕತ್ತಿಯೆತ್ತಿದ್ದು ಬೇರೆ ಮಾತು. ಟೇಲರನ ಆ ಮನೆಯನ್ನು ಜನರು ಇಂದಿಗೂ ಟೇಲರ್ ಮಂಜಿಲ್ ಎನ್ನುವರು. ಆಂಗ್ಲನ ಹೆಸರು, ಅರಬ್ಬಿಯ ಶಬ್ದ, ಕನ್ನಡದ ಗುಡ್ಡ! ಈ ಹೆಸರನ್ನು ಯಾವ ಪಂಡಿತರೂ ಕಟ್ಟಲಿಲ್ಲ. ಜನರ ಬಾಯಲ್ಲಿ ಅದು ತಾನಾಗಿಯೇ ಕೂಡಿಕೊಂಡಿತು. ಮುಂದೆ 1871ರಲ್ಲಿ ಮುಂಬಯಿಯ ಕಡೆಯಿಂದಲೂ ಮದ್ರಾಸಿನ ಕಡೆಯಿಂದಲೂ ಬಂದ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದವು. ಯಾದಗಿರಿ, ಸೈದಾಪುರಗಳು ಆ ಹಾದಿಯ ಮೇಲೆಯೇ ಇರುವವು. ಇಂಥ ಹಾದಿಯಲ್ಲಿ ಕೂತವರು ತಮ್ಮ ಮನೆಗೆ ಹೊರಗಿನ ವಸ್ತುವೇ ಬರಲಿಲ್ಲವೆಂದರೆ ನಂಬುವವರಾರು? ಹೈದರಾಬಾದಿನ ಇರಾನಿ ಚಹದಂಗಡಿಗಳಲ್ಲಿ ಕಂಡುಬರುವ ಬಾಗುಮರದ ಕುರ್ಚಿಯ ಮೂಲವು ವಿಯೆನ್ನಾ ಪಟ್ಟಣದ ಮಿಖಾಯೆಲ್ ಥೊನೆಟ್ ಎಂಬವನು 1859ರಲ್ಲಿ ಹೊರತಂದ ಕುರ್ಚಿಯಲ್ಲಿದೆ. ಅದು ಆರು ತುಂಡು ಮರ, ಹತ್ತು ತಿರುಪುಮೊಳೆ, ಎರಡು ತಿರುಪುಗಳಿಂದ ಆದದ್ದು. ಬಿಚ್ಚಿದರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಯಂತ್ರಯುಗದ ಕೂಸಾದರೂ ಅದನ್ನು ಬಿಚ್ಚಬಹುದು, ತಿರುಗಿ ಜೋಡಿಸಬಹುದು, ಬೆತ್ತ ಹರಿದರೆ ಹೊಸದಾಗಿ ಹೆಣೆಸಬಹುದು. ಆದ್ದರಿಂದ ನಮ್ಮ ಜಗಳವು ಹೊಸದರೊಡನೆ ಅಲ್ಲ. ರಿಪೇರಿಗೆ ಒಡಂಬಡದ ವಸ್ತುವಿನೊಡನೆ ಮಾತ್ರ.

ಹಳಮೆಯ ಭಕ್ತರು ಮರೆತಿರುವ ಇನ್ನೊಂದು ಸಂಗತಿಯುಂಟು. ಇದು ಮೊದಲಿನದಕ್ಕಿಂತ ಕಠಿಣವಾದದ್ದು. ಹಳೆಯ ಪಡಸಾಲೆಯಲ್ಲಿ ಎಲ್ಲರೂ ಕೂಡುತ್ತಿದ್ದರೆ? ಗಾದಿಯ ಮೇಲೆ ಗೌಡನೋ ದೇಸಾಯಿಯೋ ಕೂತಿರುವನು. ರೈತನು ಕಟ್ಟೆಯ ಕೆಳಗೆ ಕೈಕಟ್ಟಿ ನಿಂತಿರುವನು. ಇನ್ನು ಕೆಲವರಿಗೆ ಅಂಗಳದ ಗೆರೆಯನ್ನು ದಾಟುವ ಅನುಮತಿಯೂ ಇರಲಿಲ್ಲ. ಮನೆಯ ಸೊಸೆಯು ಮಾವನೆದುರಿಗೆ ಹೊರಸಿನ ಮೇಲೆ ಕೂತದ್ದನ್ನು ಯಾರಾದರೂ ಕಂಡಿದ್ದರೆ ಹೇಳಲಿ. ಶಾಲೆಯಲ್ಲಿ, ಕಚೇರಿಯಲ್ಲಿ, ಚಹದಂಗಡಿಯಲ್ಲಿ ಸಾಲಾಗಿಟ್ಟ ಬೆಂಚು ಕುರ್ಚಿಗಳು ಈ ಕಟ್ಟಳೆಯನ್ನು ಮುರಿಯುವದರಲ್ಲಿ ಎಷ್ಟೋ ಸಹಾಯಮಾಡಿದವು. ಒಂದೇ ಎತ್ತರದ ಆಸನಗಳ ಮೇಲೆ ಕೂತವರ ನಡುವೆ ಮೇಲು ಕೀಳುಗಳನ್ನು ಕಾಯ್ದುಕೊಂಡು ಬರುವದು ಕಷ್ಟ. ಮೊಣಕಾಲು ನೋಯುವ ವೃದ್ಧರಿಗೂ ಕುರ್ಚಿಯು ದೊಡ್ಡ ಉಪಕಾರವನ್ನೇ ಮಾಡಿರುವದು. ಆದುದರಿಂದ ಪುರಾತನದ ಹೊಗಳಿಕೆಯಲ್ಲಿ ಮೈಮರೆತವರಿಗೆ ನಾವು ಸ್ಪಷ್ಟವಾಗಿ ಹೇಳುವೆವು: ಕಟ್ಟಿಗೆ ಉಳಿಯಲಿ, ಕಟ್ಟಳೆ ಹೋಗಲಿ. ಅಜ್ಜನ ಹೊರಸನ್ನು ಇಟ್ಟುಕೊಳ್ಳುವದೆಂದರೆ ಅದರ ಮೇಲೆ ಅಜ್ಜನೊಬ್ಬನೇ ಕೂಡಬೇಕೆಂಬ ನೇಮವನ್ನೂ ಇಟ್ಟುಕೊಳ್ಳುವದಲ್ಲ.

ಇನ್ನು ಮೂರನೆಯ ಪಕ್ಷ. ಇವರು ಸುಶಿಕ್ಷಿತರು, ರಸಿಕರು, ಬಹುಮಟ್ಟಿಗೆ ಪಟ್ಟಣವಾಸಿಗಳು. ಹಳತು ಹೊಸತುಗಳ ಮಿಶ್ರಣವೇ ಇಂದಿನ ಅಭಿರುಚಿಯೆಂದು ಸಾರುವವರು ಇವರೇ. ಮೇಲ್ನೋಟಕ್ಕೆ ನಮ್ಮ ಮಾತನ್ನೇ ಆಡುತ್ತಿರುವರೆಂದು ತೋರುವದರಿಂದ ಇವರ ವಿಷಯದಲ್ಲಿ ಹೆಚ್ಚು ಎಚ್ಚರಿಕೆ ಬೇಕು. ಇವರ ಹಾಲಿನಲ್ಲಿ ಕೆತ್ತನೆಯ ಬಾಗಿಲೊಂದು ಗಾಜನ್ನು ಹೊತ್ತು ಮೇಜಾಗಿ ಮಲಗಿರುವದು. ಕಂಬದ ಬೋದಿಗೆಯು ದೀಪಕ್ಕೆ ಪೀಠವಾಗಿರುವದು. ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ವೃತ್ತಪತ್ರಿಕೆಗಳು ಮಲಗಿರುವವು. ಎತ್ತಿನ ಗಾಡಿಯ ಗಾಲಿಯು ಗೋಡೆಗೆ ಒರಗಿರುವದು. ಬಂದವರು 'ಆಹಾ' ಎನ್ನುವರು. ಆದರೆ ಆ ಬಾಗಿಲು ಯಾವ ಊರಿನದೆಂದು ಕೇಳಿರಿ. ಮನೆಯ ಯಜಮಾನನಿಗೆ ಅಂಗಡಿಯ ಹೆಸರು ಗೊತ್ತಿರುವದು, ಊರಿನ ಹೆಸರು ಗೊತ್ತಿರುವದಿಲ್ಲ.

ಆ ಬಾಗಿಲು ಒಂದು ಕಾಲಕ್ಕೆ ನಮ್ಮ ಯಾವದೋ ಹಳ್ಳಿಯ ತಲೆಬಾಗಿಲಾಗಿತ್ತು. ಅದರ ಹೊಸ್ತಿಲಿಗೆ ದಿನಾಲು ಅರಿಸಿನ ಕುಂಕುಮ ಬೀಳುತ್ತಿದ್ದವು. ಅದರ ಮೇಲೆ ಹಬ್ಬಕ್ಕೆ ತೋರಣ ಏರುತ್ತಿತ್ತು. ಪಾಲಿನ ಜಗಳದಲ್ಲಿಯೋ ಸಾಲದ ತೊಡಕಿನಲ್ಲಿಯೋ ಮನೆಯವರು ಅದನ್ನು ಹಳೆಯ ಕಟ್ಟಿಗೆಯ ಬೆಲೆಗೆ ಕೊಟ್ಟರು. ಕೊಂಡವನು ಅದನ್ನು ಪ್ರಾಚೀನ ವಸ್ತುವಿನ ಬೆಲೆಗೆ ಮಾರಿದನು. ನಡುವಿನ ಲಾಭವು ಕೆತ್ತಿದ ಬಡಿಗನ ವಂಶಕ್ಕೂ ಬರಲಿಲ್ಲ, ಮಾರಿದ ಮನೆಗೂ ಬರಲಿಲ್ಲ. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿನಾಡಿನ ಮಹಾಮನೆಗಳ ಕಂಬ ಕದಗಳು ಅಂಗಡಿಸಾಲಿನಲ್ಲಿ ಬಿಡಿಬಿಡಿಯಾಗಿ ಮಾರಾಟಕ್ಕೆ ನಿಂತಿರುವದನ್ನು ಪ್ರವಾಸಿಗಳೆಲ್ಲರೂ ಬಲ್ಲರು. ನಮ್ಮ ಸೀಮೆಯು ಅದೇ ಹಾದಿಯನ್ನು ಹಿಡಿಯಬೇಕೆ? ಕಾಯಿದೆಯಾದರೂ ಇದನ್ನು ಕಡೆಗಣಿಸಿಲ್ಲ. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಇದ್ದುಬಂದ ಕುಶಲವಸ್ತುವಷ್ಟೇ ಅಲ್ಲ, ಕಟ್ಟಡದಿಂದ ಕಿತ್ತ ವಸ್ತುವೂ ಪ್ರಾಚೀನ ವಸ್ತುವೇ. ಅದರ ವ್ಯಾಪಾರಕ್ಕೆ ಪರವಾನಿಗೆ ಬೇಕು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸತಕ್ಕದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಬಾಗಿಲು ಮಾರುವವರಲ್ಲಿ ಎಷ್ಟು ಜನ ಈ ಮಾತನ್ನು ಕೇಳಿರುವರು?

ಬೆಲೆಯ ಹುಚ್ಚಾಟಕ್ಕೆ ಇನ್ನೊಂದು ದೃಷ್ಟಾಂತವನ್ನು ಕೊಡುವೆವು. ಚಂಡೀಗಢ ನಗರವನ್ನು ಕಟ್ಟುವಾಗ, 1950ರ ದಶಕದಲ್ಲಿ, ಪಿಯೇರ್ ಜೆನರೆ ಎಂಬ ಶಿಲ್ಪಿಯು ಅಲ್ಲಿಯ ಕಚೇರಿಗಳಿಗಾಗಿ ತೇಗ ಬೆತ್ತಗಳ ಕುರ್ಚಿಗಳನ್ನು ಯೋಜಿಸಿದನು. ಕಾಲಾಂತರದಲ್ಲಿ ಅವು ಮುರುಕು ಸಾಮಾನೆಂದು ಹರಾಜಾದವು. ಅವನ್ನೇ ಪರದೇಶದ ವ್ಯಾಪಾರಿಗಳು ಒಯ್ದು ದುರಸ್ತು ಮಾಡಿ ಲಕ್ಷಾಂತರ ರೂಪಾಯಿಗಳಿಗೆ ಮಾರತೊಡಗಿದಾಗ ನಮಗೆ ಎಚ್ಚರವಾಯಿತು. ಅವಕ್ಕೆ ನೂರು ವರ್ಷ ತುಂಬಿರಲಿಲ್ಲವಾದ್ದರಿಂದ ಪ್ರಾಚೀನ ವಸ್ತುಗಳ ಕಾಯಿದೆಯು ಅನ್ವಯಿಸಲಿಲ್ಲ. 2011ರಲ್ಲಿ ಕೇಂದ್ರ ಗೃಹಖಾತೆಯು ಅವುಗಳ ಮಾರಾಟವನ್ನೂ ರಫ್ತನ್ನೂ ತಡೆಯಲು ಬೇರೆ ಆಜ್ಞೆಯನ್ನು ಹೊರಡಿಸಬೇಕಾಯಿತು. ನಿನ್ನೆಯ ಆಧುನಿಕವೇ ಇಂದಿನ ಪುರಾತನವಾಯಿತು. ಹಳತು ಹೊಸತುಗಳ ಭೇದವು ವಸ್ತುವಿನಲ್ಲಿರುವದಕ್ಕಿಂತ ನಮ್ಮ ಕಣ್ಣಿನಲ್ಲಿ ಹೆಚ್ಚಾಗಿರುವದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಬೀಳುತ್ತಿರುವ ಮನೆಯ ಮರವನ್ನು ಕೊಳ್ಳುವದೇ ಪಾಪವೆ? ಅಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು, ಕಂಬಕ್ಕೆ ಕಂಬವನ್ನು, ಕದಕ್ಕೆ ಕದವನ್ನು ಕೂಡಿಸಿ ಮತ್ತೆ ನಿಲ್ಲಿಸಿದರು. ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲು ಅಲ್ಲಿ ತನ್ನ ಹೆಸರಿನೊಡನೆಯೇ ನಿಂತಿದೆ. ಅಲ್ಲಿ ಬಾಗಿಲು ಬಾಗಿಲಾಗಿಯೇ ಇದೆ. ಅದರ ಊರು ಯಾವದೆಂಬದು ನೋಡುವವರಿಗೆಲ್ಲ ತಿಳಿಯುವದು. ರಕ್ಷಣೆಗೂ ಬೇಟೆಗೂ ಇರುವ ಅಂತರವು ಇದೇ. ಬೇಟೆಗಾರನ ಗೋಡೆಯ ಮೇಲಿನ ಜಿಂಕೆಯ ತಲೆಯನ್ನು ನೋಡಿ ಅವನನ್ನು ಪ್ರಾಣಿಪ್ರಿಯನೆಂದು ಯಾರೂ ಕರೆಯುವದಿಲ್ಲ.

ಇಷ್ಟೆಲ್ಲ ಖಂಡನೆಯನ್ನು ಮಾಡಿದ ಮೇಲೆ ನಮ್ಮ ಮಂಡನೆಯೇನೆಂಬದನ್ನು ಹೇಳುವದು ನ್ಯಾಯವಾಗಿದೆ. ಮೊದಲನೆಯದಾಗಿ, ಹೊಸ ಮನೆಯೊಳಗೆ ಹಳೆಯ ವಸ್ತುವು ಬರುವದಾದರೆ ಅದಕ್ಕೆ ಕೆಲಸವಿರಬೇಕು. ಸಂದೂಕವು ಹಾಸಿಗೆ ಹೊದಿಕೆಗಳನ್ನು ಕಾಯಲಿ; ಅದರ ಮೇಲೊಂದು ಮೆತ್ತೆ ಹಾಸಿದರೆ ಕಿಟಕಿಯ ಬದಿಗೆ ಆಸನವಾಗುವದು. ನಾಗಂದಿಗೆಯ ಹಲಗೆಯು ಪುಸ್ತಕಗಳನ್ನು ಹೊರಲಿ. ಬಾಗಿಲು ಬಾಗಿಲಾಗಿರಲಿ, ಸಿಮೆಂಟಿನ ಮನೆಗೂ ತಲೆಬಾಗಿಲು ಬೇಕಷ್ಟೆ? ಮನೆಯನ್ನು ಕಟ್ಟುವ ಮೊದಲೇ ಹಳೆಯ ಬಾಗಿಲವಾಡದ ಅಳತೆಯನ್ನು ಗೌಂಡಿಗೆ ಕೊಟ್ಟರೆ ಅವನು ಅದಕ್ಕೆ ತಕ್ಕಂತೆ ಗೋಡೆಯನ್ನು ಬಿಡುವನು. ಮನೆ ಮುಗಿದ ಮೇಲೆ ನೆನಪಾದರೆ ಬಾಗಿಲು ಮೇಜೇ ಆಗಬೇಕಾಗುವದು.

ಎರಡನೆಯದಾಗಿ, ಎತ್ತರಗಳ ಹೊಂದಾಣಿಕೆಯನ್ನು ನೋಡಬೇಕು. ಹಳೆಯ ಆಸನಗಳು ಬಹುಶಃ ತಗ್ಗಾದವು, ಏಕೆಂದರೆ ಅವು ನೆಲದ ಮೇಲೆ ಕೂಡುವವರ ಮನೆಯವು, ಹೊಸವು ಎತ್ತರವಾದವು. ಎತ್ತರದ ಸೋಫಾದ ಎದುರಿಗೆ ತಗ್ಗಿನ ಹೊರಸನ್ನಿಟ್ಟರೆ ಒಬ್ಬರು ಮೇಲೆ, ಒಬ್ಬರು ಕೆಳಗೆ ಆಗುವದು. ಮುರಿದುಹೋದ ಕಟ್ಟಳೆಯು ತಿರುಗಿ ಬಂದಂತಾಗುವದು. ಹೊರಸಿನೊಡನೆ ಮೋಡೆಗಳನ್ನೂ ತಗ್ಗಿನ ಬೆತ್ತದ ಕುರ್ಚಿಗಳನ್ನೂ ಇಡಿರಿ; ಇಲ್ಲವೆ ಹೊರಸಿನ ಕಾಲುಗಳ ಕೆಳಗೆ ಮರದ ಅಡಿಗಳನ್ನು ಕೊಡಿಸಿರಿ. ಮೂರನೆಯದಾಗಿ, ಹಳೆಯ ಮರವು ಹೊಳೆಯಬೇಕೆಂದು ಅದರ ಮೇಲೆ ಬಣ್ಣ ಬಳಿಯಬೇಡಿರಿ. ಧೂಳು ತೆಗೆದು ಎಣ್ಣೆ ಸವರಿದರೆ ಸಾಕು. ನಾಲ್ಕನೆಯದಾಗಿ, ಹೊಸದನ್ನು ಕೊಳ್ಳುವಾಗ ಇದನ್ನು ಬಿಚ್ಚಿ ರಿಪೇರಿ ಮಾಡಬಹುದೆ ಎಂದು ಕೇಳಿರಿ. ಆಗುವದಿಲ್ಲವೆಂದರೆ ಅದು ಹೊಸದಲ್ಲ, ಮುಂದಿನ ವರ್ಷದ ಕಸ. ಐದನೆಯದಾಗಿ, ನೆಲಕ್ಕೆ ಹಾಸಲು ನವಲಗುಂದದ ಹೆಣ್ಣುಮಕ್ಕಳು ನೇಯ್ದ ಜಮಖಾನವನ್ನು ತಂದರೆ, ಹೊಸ ಕುರ್ಚಿಯೂ ಹಳೆಯ ಸಂದೂಕವೂ ಅದರ ಮೇಲೆ ಒಂದೇ ಮನೆಯವಾಗಿ ಕಾಣುವವು. ನೇಯುವ ಕೈಗಳಿಗೂ ಅನ್ನವಾಗುವದು.

ಇದಕ್ಕೆಲ್ಲ ಬಡಿಗರೆಲ್ಲಿರುವರೆಂದು ವಾಚಕರು ಕೇಳಬಹುದು. ಇದೇ ಈ ವಿಚಾರದ ತಿರುಳು. ಬಡಿಗನು ಇಲ್ಲದ್ದರಿಂದ ನಾವು ಅಂಗಡಿಗೆ ಹೋಗಲಿಲ್ಲ. ನಾವು ಅಂಗಡಿಗೆ ಹೋದದ್ದರಿಂದ ಬಡಿಗನು ಇಲ್ಲವಾಗುತ್ತಿರುವನು. ಎತ್ತಿನ ಗಾಡಿಗಳು ಕಡಿಮೆಯಾದಾಗ ಅವನ ಅರ್ಧ ಕೆಲಸವು ಹೋಯಿತು. ಮನೆಯ ಬಾಗಿಲು ಕಿಟಕಿಗಳು ಕಬ್ಬಿಣದವಾದಾಗ ಉಳಿದರ್ಧವೂ ಹೋಗುತ್ತಿರುವದು. ಒಂದು ಊರಿನಲ್ಲಿ ಹತ್ತು ಮನೆಯವರು ವರ್ಷಕ್ಕೊಮ್ಮೆ ತಮ್ಮ ಹೊರಸು ಕುರ್ಚಿಗಳನ್ನು ದುರಸ್ತಿಗೆ ಕೊಟ್ಟರೆ, ಬಾಚಿ ಉಳಿಗಳನ್ನು ಬಿಟ್ಟು ಪಟ್ಟಣದ ಕೂಲಿಗೆ ಹೊರಟವನ ಕಾಲು ಒಂದು ಗಳಿಗೆಯಾದರೂ ತಡೆಯುವದು. ಮಗನಿಗೆ ಕೆಲಸ ಕಲಿಸಬೇಕೆ ಬೇಡವೆ ಎಂಬ ಅವನ ತೂಗಾಟಕ್ಕೆ ನಾವು ಕೊಡುವ ಉತ್ತರವು ನಮ್ಮ ಪಡಸಾಲೆಯಲ್ಲಿಯೇ ಇರುವದು. ಕಾಯಕವನ್ನು ಹೊಗಳುವ ಭಾಷಣಗಳು ನಮ್ಮಲ್ಲಿ ಬೇಕಾದಷ್ಟು ಆಗುತ್ತಿರುವವು. ಕಾಯಕದವನಿಗೆ ಕೆಲಸ ಕೊಡುವವರು ಮಾತ್ರ ವಿರಳ.

ಕೊನೆಗೆ ಒಂದು ಸೂಚನೆ. ಬಳಿಚಕ್ರದಲ್ಲಿಯಾಗಲಿ, ನಮ್ಮ ಜಿಲ್ಲೆಯ ಬೇರೆ ಯಾವ ಊರಿನಲ್ಲಿಯಾಗಲಿ ಹಳೆಯ ಮನೆಯನ್ನು ಇಳಿಸಬೇಕಾಗಿ ಬಂದವರು, ಗುದ್ದಲಿ ಬೀಳುವ ಮೊದಲು ಒಂದು ದಿನವನ್ನು ಇದಕ್ಕಾಗಿ ತೆಗೆದಿಡಲಿ. ಬಾಗಿಲು, ಕಂಬ, ಬೋದಿಗೆಗಳ ಅಳತೆ ತೆಗೆಯಿರಿ, ಚಿತ್ರ ತೆಗೆಯಿರಿ; ಕೆತ್ತಿದವನ ಹೆಸರು ಹಿರಿಯರಿಗೆ ನೆನಪಿದ್ದರೆ ಬರೆದಿಡಿರಿ. ಮಾರಲೇಬೇಕಾದರೆ ನಿಮ್ಮ ಊರಿನಲ್ಲಿ ಹೊಸ ಮನೆ ಕಟ್ಟುತ್ತಿರುವವರನ್ನು ಮೊದಲು ಕೇಳಿರಿ. ಊರಿನ ಬಾಗಿಲು ಊರಿನಲ್ಲಿಯೇ ಇನ್ನೊಂದು ಮನೆಗೆ ಬಾಗಿಲಾದರೆ ಯಾರೂ ಏನನ್ನೂ ಕಳೆದುಕೊಂಡಂತಾಗುವದಿಲ್ಲ. ಹೊಸ ಹಾಲಿನಲ್ಲಿ ಸೋಫಾ ಇರಲಿ, ಬೇಡವೆನ್ನುವದಿಲ್ಲ. ಆದರೆ ಗಾಳಿ ಬೆಳಕು ಬರುವ ಒಂದು ಬದಿಯಲ್ಲಿ ಹೊರಸೂ ಇರಲಿ; ಅದರ ಮೇಲೆ ಮನೆಯ ಹಿರಿಯಳು ಕೂಡಲಿ; ಅವಳ ಬದಿಗೆ ಸೊಸೆಯೂ ಕೂಡಲಿ, ಹೊಲದಿಂದ ಬಂದ ಆಳುಮಗನೂ ಕೂಡಲಿ. ಇಷ್ಟು ಸ್ಥಳವು ಇಲ್ಲದ ಮನೆಯು ಎಷ್ಟು ಅಂತಸ್ತಿನದಾದರೂ ಇಕ್ಕಟ್ಟಾದದ್ದೇ ಸರಿ.